ಹೋಗಲು ಆರು, ಬರಲು ಹದಿನಾಲ್ಕು

ಕಂಡದ್ದನ್ನು ಕಂಡ ಹಾಗೇ ನಂಬುವ ಹೆಂಗಸಾಗಿದ್ದರೆ ತೇಪೆಯಮ್ಮನಿಗೆ ಆ ಕೆಲಸ ಸಿಗುತ್ತಲೇ ಇರಲಿಲ್ಲ. ವಿಮಾನ ನಿಲ್ದಾಣದ ಹಿಂಬದಿಯ ಲಾಂಡ್ರಿಯಲ್ಲಿ ಅವಳದು ರಿಪೇರಿ ಮೇಜು. ಪ್ರಯಾಣಿಕರು ಹೊದ್ದು ಬಿಟ್ಟುಹೋದ ಕಂಬಳಿಗಳು ಒಗೆತವಾಗಿ, ಒಣಗಿ ಅಲ್ಲಿಗೆ ಬರುತ್ತವೆ. ಮೇಲ್ನೋಟಕ್ಕೆ ಎಲ್ಲವೂ ನೆಟ್ಟಗೇ ಇರುತ್ತವೆ. ಒಂದೊಂದನ್ನೂ ಕಿಟಕಿಯ ಬೆಳಕಿಗೆ ಎತ್ತಿ ಹಿಡಿದಾಗಲೇ ಎಲ್ಲಿ ನೂಲು ಸವೆದಿದೆ, ಯಾರ ಚಪ್ಪಲಿಯ ಕೊಕ್ಕೆ ಸಿಕ್ಕಿ ಎಳೆ ಕಿತ್ತಿದೆ ಎಂದು ಗೊತ್ತಾಗುವುದು. ಅವಳು ಹಾಕಿದ ತೇಪೆ ಎಲ್ಲಿದೆ ಎಂದು ತೋರಿಸಲು ಅವಳನ್ನೇ ಕರೆಯಬೇಕಾಗುತ್ತಿತ್ತು. ಹಾಗಾಗಿ ಆ ಹೆಸರು ಬಂದು ಅಂಟಿಕೊಂಡಿತ್ತು. ಎರಡು ತೇಪೆಯವರೆಗೆ ಕಂಬಳಿ ವಿಮಾನಕ್ಕೆ ವಾಪಸು ಹೋಗುತ್ತದೆ. ಮೂರನೆಯದು ಬಿತ್ತೆಂದರೆ ಅದಕ್ಕೆ ಆಕಾಶದ ಋಣ ತೀರಿತು. ನಿಲ್ದಾಣದ ನೌಕರರ ವಿಶ್ರಾಂತಿ ಕೋಣೆಗೆ ಹೋಗಿ ಬೀಳುತ್ತದೆ.

ಈ ಕೈಚಳಕ ಅವಳಿಗೆ ತಾಯಿಯಿಂದ ಬಂದದ್ದು. ಆಕೆ ಹತ್ತು ಮನೆಯ ಹರಿದ ಬಟ್ಟೆ ಹೊಲಿದು ಇವಳನ್ನು ಸಾಕಿದ್ದಳು. ಮದುವೆಯಾದ ಮೇಲೆ ಹನ್ನೆರಡು ವರ್ಷ ಇವಳ ಸೂಜಿ ಮನೆಯ ದಿಂಬು, ಗಂಡನ ಕಾಲುಚೀಲ ಬಿಟ್ಟು ಬೇರೇನನ್ನೂ ಕಂಡಿರಲಿಲ್ಲ. ಒಂದು ವರ್ಷದ ಹಿಂದೆ ಲಾಂಡ್ರಿಯಲ್ಲಿ ಅರ್ಧ ದಿನದ ಕೆಲಸಕ್ಕೆ ಸೇರಿದಳು. ಬೆಳಿಗ್ಗೆ ಎಂಟಕ್ಕೆ ಹೋಗಿ ಒಂದೂವರೆಗೆ ಬಿಡಬೇಕು. ಅದಕ್ಕಿಂತ ಹೆಚ್ಚು ಹೊತ್ತು ಮನೆ ಅವಳನ್ನು ಬಿಡುತ್ತಿರಲಿಲ್ಲ. ಅತ್ತೆ ಸೊಂಟ ಮುರಿದುಕೊಂಡು ಎರಡು ವರ್ಷವಾಗಿತ್ತು. ಬೆಳಗಿನ ಹೊತ್ತು ಎದುರುಮನೆಯಾಕೆ ಬಂದು ಇಣುಕಿ ಹೋಗುತ್ತಿದ್ದಳು. ಮಧ್ಯಾಹ್ನದ ನಂತರದ್ದೆಲ್ಲ ಸೊಸೆಯದೇ. ಎತ್ತಿ ಕೂರಿಸುವುದು, ಬಚ್ಚಲಿಗೆ ಕರೆದೊಯ್ಯುವುದು, ಹಾಸಿಗೆ ಬದಲಿಸುವುದು, ಬೆನ್ನು ಒರೆಸುವುದು, ಒಂದೂ ತಪ್ಪುವಂತಿರಲಿಲ್ಲ.

ಅಷ್ಟರಲ್ಲಿ ಲಾಂಡ್ರಿಯ ಮೇಸ್ತ್ರಿ ಒಂದು ದಿನ ಕರೆದು ಹೇಳಿದ. "ರಿಪೇರಿ ಮೇಜಿಗೆ ಒಬ್ಬರು ಮುಖ್ಯಸ್ಥೆ ಬೇಕು. ಕಾಯಂ ಕೆಲಸ. ನಿಮ್ಮನ್ನೇ ಮಾಡೋಣ ಅಂತಿದೀನಿ. ಆದ್ರೆ ಮಂಗಳವಾರ, ಶುಕ್ರವಾರ ಸಾಯಂಕಾಲ ಏಳೂವರೆ ತನಕ ಇರ್ಬೇಕಾಗುತ್ತೆ. ಆ ಎರಡು ದಿನ ದೂರದ ವಿಮಾನದ ಕಂಬಳಿ ರಾಶಿ ಬೀಳುತ್ತೆ ನೋಡಿ. ಶನಿವಾರದೊಳಗೆ ಹೇಳಿ. ಇಲ್ಲಾಂದ್ರೆ ಇಸ್ತ್ರಿ ವಿಭಾಗದವಳು ಕೇಳ್ತಿದಾಳೆ."

ಯಾವ ಕಂಬಳಿ ಬದುಕಬೇಕು, ಯಾವುದು ನೆಲ ಒರೆಸಲು ಹೋಗಬೇಕು ಎಂದು ತೀರ್ಮಾನಿಸುವ ಕೆಲಸ. ಬೆನ್ನಿಗೆ ಆನಿಕೆಯಿರುವ ಕುರ್ಚಿ. ಅದು ತನಗೆ ಬೇಕು ಎಂದು ತೇಪೆಯಮ್ಮನಿಗೆ ಎಷ್ಟು ಗಟ್ಟಿಯಾಗಿ ಅನ್ನಿಸಿತೆಂದರೆ, ಇಸ್ತ್ರಿಯವಳ ಹೆಸರು ಕೇಳಿದ್ದೇ ಬೆರಳಿಗೆ ಸೂಜಿ ಚುಚ್ಚಿಕೊಂಡಳು. ಆದರೆ ಮಂಗಳವಾರ, ಶುಕ್ರವಾರ ಸಂಜೆ ಅತ್ತೆಯನ್ನು ಎತ್ತುವವರಾರು?

ಗಂಡ ಇದ್ದ. ಆ ದೂರದ ವಿಮಾನದಲ್ಲೇ ಅವನು ಕೆಲಸಗಾರ. ಆಕಾಶದಲ್ಲಿ ಇನ್ನೂರು ಜನಕ್ಕೆ ನಗುನಗುತ್ತಾ ಊಟ ಕೊಟ್ಟು, ತಟ್ಟೆ ಎತ್ತಿ, ಕಂಬಳಿ ಹೊದಿಸುವವನು. ನೆಲಕ್ಕಿಳಿದ ಮೇಲೆ ತಾನು ಕುಡಿದ ಲೋಟವನ್ನು ತೊಟ್ಟಿಯವರೆಗೆ ಒಯ್ಯಲಾರದವನು. ಆರು ವರ್ಷದಿಂದ ಅವನು ಮನೆಗೆ ಮರಳುವುದು ಮಂಗಳವಾರ ಮತ್ತು ಶುಕ್ರವಾರ, ರಾತ್ರಿ ಎಂಟಕ್ಕೆ.

ಆ ಎಂಟು ಗಂಟೆ ಅತ್ತೆಯ ಲೆಕ್ಕದಿಂದ ಬಂದದ್ದು. ಅತ್ತೆ ಶಾಲೆಯ ಆಫೀಸಿನಲ್ಲಿ ಮೂವತ್ತು ವರ್ಷ ಗುಮಾಸ್ತೆಯಾಗಿದ್ದವರು. ಹಾಜರಿ ಪುಸ್ತಕದಲ್ಲಿ ಒಂದು ದಿನವೂ ತಿದ್ದುಪಡಿ ಮಾಡಿದವರಲ್ಲ. ಮಗನಿಗೆ ಈ ವಿಮಾನ ಸಿಕ್ಕ ಹೊಸದರಲ್ಲಿ ಅವನು ತಂದ ವೇಳಾಪಟ್ಟಿಯ ಎರಡು ಚೀಟಿ ನೋಡಿ ಅವರೇ ಲೆಕ್ಕ ಹಾಕಿದ್ದರು. ಹೋಗುವ ಚೀಟಿಯಲ್ಲಿ ಹೊರಡುವುದು ಬೆಳಿಗ್ಗೆ ಒಂಬತ್ತು, ತಲುಪುವುದು ಮಧ್ಯಾಹ್ನ ಮೂರು. ಅಂದರೆ ಆರು ಗಂಟೆ. ಬರುವ ಚೀಟಿಯಲ್ಲಿ ಹೊರಡುವುದು ರಾತ್ರಿ ಒಂದು, ತಲುಪುವುದು ಮಧ್ಯಾಹ್ನ ಮೂರು. ಅಂದರೆ ಹದಿನಾಲ್ಕು ಗಂಟೆ. ಅವನು ಅಲ್ಲಿ ವಿಮಾನ ಹೊರಡುವ ಮುನ್ನ ಫೋನು ಮಾಡುತ್ತಾನೆ. ಆಗ ಇಲ್ಲಿ ಮನೆಯ ಗಡಿಯಾರದಲ್ಲಿ ನಸುಕಿನ ಐದು. ಐದಕ್ಕೆ ಹದಿನಾಲ್ಕು ಕೂಡಿಸಿದರೆ ಸಂಜೆ ಏಳು. ಇಳಿದು ಮನೆಗೆ ಬರಲು ಒಂದು ಗಂಟೆ. ಅತ್ತೆ ಇದನ್ನು ದುಂಡಗಿನ ಅಕ್ಷರದಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಿದ್ದರು: "ಹೋಗಲು 6. ಬರಲು 14. ಫೋನು 5. ಇಳಿಯುವುದು 7. ಮನೆ 8."

"ಒಂದೇ ದಾರಿ, ಹೋಗೋಕೆ ಆರು, ಬರೋಕೆ ಹದಿನಾಲ್ಕು ಹ್ಯಾಗೆ ಅತ್ತೆ?" ಎಂದು ತೇಪೆಯಮ್ಮ ಆಗಲೇ ಕೇಳಿದ್ದಳು.

"ಹೋಗೋವಾಗ ಬೆನ್ನಿಗೆ ಗಾಳಿ, ಬರೋವಾಗ ಎದುರುಗಾಳಿ. ಸೈಕಲ್ ತುಳಿದವರನ್ನ ಕೇಳು," ಎಂದಿದ್ದರು ಅತ್ತೆ. ಗಂಡ ಪಕ್ಕದಲ್ಲೇ ಕೂತು "ಹೂಂ" ಎಂದಿದ್ದ.

ಮೇಸ್ತ್ರಿ ಗಡುವು ಕೊಟ್ಟ ವಾರದ ಮಂಗಳವಾರ ಸಮವಸ್ತ್ರಗಳಿಗೆ ಗುಂಡಿ ಹಚ್ಚುವ ಗುಂಡಿಯಕ್ಕನಿಗೆ ಜ್ವರ ಬಂತು. ಅವಳ ಬದಲಿಗೆ ಸಂಜೆ ಐದರವರೆಗೆ ಇರುತ್ತೀರಾ ಎಂದು ಮೇಸ್ತ್ರಿ ಕೇಳಿದ. ತೇಪೆಯಮ್ಮ ಎದುರುಮನೆಯಾಕೆಗೆ ಫೋನು ಮಾಡಿ ಬೇಡಿಕೊಂಡು ನಿಂತಳು. ನಾಲ್ಕೂಕಾಲಿಗೆ ಗಾಡಿಯವನು ಕಂಬಳಿ ತುಂಬಿದ ಗಾಡಿ ತಳ್ಳಿಕೊಂಡು ಬಂದ. ಮೇಲಿನದನ್ನು ಎತ್ತಿದಳು. ಇನ್ನೂ ಮನುಷ್ಯರ ಮೈಬಿಸಿ ಆರಿರಲಿಲ್ಲ.

"ಇದ್ಯಾವುದರದ್ದು?"

"ದೂರದ ವಿಮಾನದ್ದು ಅಕ್ಕ. ಚೀಟಿ ಇದೆಯಲ್ಲ."

"ಅದು ಏಳಕ್ಕಲ್ವಾ ಇಳಿಯೋದು?"

ಗಾಡಿಯವನು ನಕ್ಕ. "ಏಳಕ್ಕೆ ಇಳಿಯೋ ವಿಮಾನದ ಕಂಬಳೀನ ನಾಲ್ಕಕ್ಕೆ ತರೋಕೆ ನಾನೇನು ಹಾರಿಹೋಗಿ ಜನರ ಮೈಮೇಲಿಂದ ಕಿತ್ಕೊಂಡು ಬಂದ್ನಾ? ಮೂರಕ್ಕೆ ಇಳೀತು."

"ಇವತ್ತು ಬೇಗ ಬಂತೇನೋ."

"ಆರು ವರ್ಷದಿಂದ ಇದೇ ಗಾಡಿ ತಳ್ತಿದೀನಿ. ಹತ್ತು ನಿಮಿಷ ಆಚೆ, ಹತ್ತು ನಿಮಿಷ ಈಚೆ. ಮೂರು ಅಂದ್ರೆ ಮೂರು."

"ಅದ್ರಲ್ಲಿ ಕೆಲಸ ಮಾಡೋರು ಎಷ್ಟೊತ್ತಿಗೆ ಹೊರಗೆ ಬರ್ತಾರೆ?"

"ಮೂರೂಮುಕ್ಕಾಲಿಗೆಲ್ಲ ಬಸ್ ಹತ್ತಿರ್ತಾರೆ. ಯಾಕಕ್ಕ?"

"ಸುಮ್ನೆ," ಎಂದಳು. ಕೈಯಲ್ಲಿದ್ದ ಒಂದೇ ಕಂಬಳಿಯನ್ನು ಮೂರು ಸಲ ಎಣಿಸಿದಳು.

ನಿಲ್ದಾಣದಿಂದ ಮನೆಗೆ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಅಂದರೆ ನಾಲ್ಕೂವರೆಗೆ ಅವನು ಮನೆಯಲ್ಲಿರಬೇಕು. ಅಂದು ಅವನು ಬಾಗಿಲು ತಟ್ಟಿದಾಗ ಎಂಟು ದಾಟಿ ಹತ್ತು ನಿಮಿಷ. "ಅಬ್ಬಾ, ಕಾಲು ಕಾಲಾಗಿ ಉಳಿದಿಲ್ಲ," ಎನ್ನುತ್ತ ಕುರ್ಚಿಗೆ ಬಿದ್ದ. ತೇಪೆಯಮ್ಮ ನೀರು ಕೊಟ್ಟು ಅವನನ್ನು ದೀಪದ ಬೆಳಕಿನಲ್ಲಿ ನೋಡಿದಳು. ದಣಿದವನ ಕಣ್ಣು ಕೆಂಪಾಗಿರಬೇಕು. ಇವನ ಕಣ್ಣು ತಿಳಿಯಾಗಿದ್ದವು. ಎಡಗೆನ್ನೆಯ ಮೇಲೆ ಉದ್ದಕ್ಕೆ ಒಂದು ಗೆರೆ, ಬಟ್ಟೆಯ ಮಡಿಕೆ ಒತ್ತಿದ ಹಾಗೆ. ಬಲಗೈ ತೋಳಿನ ಗುಂಡಿ ಇರಲಿಲ್ಲ. ಆ ಗುಂಡಿಯನ್ನು ಅವಳು ಶನಿವಾರವಷ್ಟೇ ಹಚ್ಚಿದ್ದಳು. ಬಿಳಿ ದಾರ ಮುಗಿದಿತ್ತೆಂದು ಹಸಿರು ದಾರದಲ್ಲಿ.

ಊಟ ಬಡಿಸುತ್ತಾ ಮತ್ತೊಮ್ಮೆ ಕೇಳಿದಳು. "ಆ ಕೆಲಸದ ವಿಷಯ. ಮಂಗಳವಾರ, ಶುಕ್ರವಾರ ಸಾಯಂಕಾಲ ನೀವು ಅತ್ತೆ ಹತ್ರ ಇರೋಕಾದ್ರೆ..."

"ಗೋಡೆ ಮೇಲೆ ಅಮ್ಮ ಬರೆದಿಟ್ಟಿದಾಳಲ್ಲ, ನೋಡ್ಕೋ," ಎಂದ. "ವಿಮಾನಾನ ಹಿಂದಿನಿಂದ ನಾನು ತಳ್ಳೋಕಾಗುತ್ತಾ?"

ಹಿಂದಿನ ಸಲ ಕೇಳಿದಾಗಲೂ ಅವನು ಇದನ್ನೇ ಹೇಳಿದ್ದ. ಆರು ವರ್ಷದಲ್ಲಿ ಈ ಮನುಷ್ಯ ತನ್ನ ಬಾಯಿಂದ ಒಮ್ಮೆಯಾದರೂ 'ಏಳಕ್ಕೆ ಇಳಿಯುತ್ತೇನೆ' ಎಂದದ್ದುಂಟೆ? ತೇಪೆಯಮ್ಮ ನೆನಪನ್ನು ಎಷ್ಟು ಕೆದಕಿದರೂ ಸಿಗಲಿಲ್ಲ. ಯಾವಾಗಲೂ ಗೋಡೆಯ ಚೀಟಿಯ ಕಡೆ ಕೈ. ಬಾಯಿ ಮಾತ್ರ ಮಡಿ.

ಮೂರೂವರೆ ಗಂಟೆ. ಪಾತ್ರೆ ಉಜ್ಜುತ್ತಾ ಅವಳು ಅದನ್ನು ತನಗೆ ತಿಳಿದ ಅಳತೆಯಲ್ಲಿ ಅಳೆದಳು. ಮೂರೂವರೆ ಗಂಟೆಯಲ್ಲಿ ಅತ್ತೆಯನ್ನು ಎರಡು ಸಲ ಎತ್ತಬಹುದು. ಹಾಸಿಗೆಯ ಬಟ್ಟೆ ಒಗೆದು ಹರವಬಹುದು. ಅಡುಗೆ ಮುಗಿಸಿ, ಒಲೆಕಟ್ಟೆ ಒರೆಸಿ, ಮಗಳ ಪಾಠ ಕೇಳಿ, ಜಡೆ ಬಿಚ್ಚಿ, ನಾಳೆಯ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿ, ಇಷ್ಟೆಲ್ಲ ಆದ ಮೇಲೂ ಬಾಗಿಲಲ್ಲಿ ನಿಂತು ಉಸಿರು ಬಿಡಲು ಕಾಲು ಗಂಟೆ ಉಳಿಯುತ್ತದೆ. ಅಷ್ಟು ಹೊತ್ತು ಒಬ್ಬ ಗಂಡಸು ವಾರಕ್ಕೆರಡು ಸಲ ಎಲ್ಲಿ ಇಟ್ಟು ಬರುತ್ತಾನೆ?

ಬುಧವಾರ ಜ್ವರ ಬಿಟ್ಟು ಬಂದ ಗುಂಡಿಯಕ್ಕನ ಕಿವಿಗೆ ಹಾಕಿದಳು. ಗುಂಡಿಯಕ್ಕ ದಾರವನ್ನು ಹಲ್ಲಲ್ಲಿ ಕಡಿದು, "ಅಯ್ಯೋ ಮಂಕೇ, ಗಂಡಸು ಮೂರೂವರೆ ಗಂಟೆ ಕಾಣೆಯಾದ ಅಂದ್ರೆ ಎಲ್ಲೋ ಇನ್ನೊಂದು ಒಲೆ ಉರೀತಿದೆ ಅಂತಲೇ ಅರ್ಥ," ಎಂದಳು.

"ಇನ್ನೊಂದು ಮನೆ ನಡೆಸೋಕೂ ಮೈ ಬಗ್ಗಬೇಕಲ್ಲ ಅಕ್ಕ. ಇವರು ಇರೋ ಮನೇಲೇ ಒಂದು ಲೋಟ ಎತ್ತಿಡಲ್ಲ."

"ಅಲ್ಲಿ ಎತ್ತಿಡ್ತಾನೇನೋ. ಹೊಸ ಅಗಸ ಗೋಣಿ ಎತ್ತಿ ಎತ್ತಿ ಒಗೆದ ಅಂತಾರಲ್ಲ!"

ಇಬ್ಬರೂ ನಕ್ಕರು. ತೇಪೆಯಮ್ಮ ಮೊದಲು ನಗು ನಿಲ್ಲಿಸಿ ಸೂಜಿಗೆ ದಾರ ಪೋಣಿಸಿದಳು. ಮನೆಗೆ ಬಂದವಳು ಒಗೆಯಲು ಬಿದ್ದಿದ್ದ ಅವನ ಅಂಗಿಯನ್ನು ಎತ್ತಿ ಮೂಸಿದಳು. ಸೆಂಟಿಲ್ಲ, ಪೌಡರಿಲ್ಲ. ಹೆಗಲ ಹತ್ತಿರ ಒಂದು ಪರಿಚಿತ ವಾಸನೆ. ಎಲ್ಲಿಯದೆಂದು ಹೊಳೆಯಲು ಹೊತ್ತು ಹಿಡಿಯಿತು. ಲಾಂಡ್ರಿಯ ಸೋಪು! ಇನ್ನೊಬ್ಬಳ ವಾಸನೆ ಹುಡುಕಲು ಹೋದವಳಿಗೆ ಸಿಕ್ಕಿದ್ದು ತನ್ನ ಕೈಯ ವಾಸನೆ. ಇದು ಅವಳ ಅನುಮಾನವನ್ನು ಕಡಿಮೆ ಮಾಡಲಿಲ್ಲ. ಲಾಂಡ್ರಿಯಲ್ಲಿ ಹೆಂಗಸರಿಗೇನು ಬರವೇ? ಇಸ್ತ್ರಿಯವಳ ಮುಖ ಕಣ್ಣೆದುರು ಬಂದು ಹೋಯಿತು.

ಸಂಜೆ ಅತ್ತೆ ಜೊಂಪಿನಲ್ಲಿದ್ದಾಗ ಮಗಳನ್ನು ಅಡುಗೆಮನೆಗೆ ಕರೆದಳು. ಮಗಳಿಗೆ ಹನ್ನೊಂದು ವರ್ಷ. ಅವಳ ಬಳಿ ಶಾಲೆಯಲ್ಲಿ ಬಹುಮಾನ ಬಂದ, ತಿರುಗಿಸುವ ಒಂದು ಭೂಗೋಳವಿತ್ತು.

"ಅಪ್ಪ ಹೋಗೋ ಊರು ಇಲ್ಲಿಂದ ಎಷ್ಟು ದೂರ ಹೇಳು."

"ಭೂಪಟದ ಪುಸ್ತಕ ತರ್ಲಾ?"

"ಬೇಡ. ಉಂಡೆ ಮೇಲೆ ನೂಲು ಹಿಡೀತೀನಿ. ಚಪ್ಪಟೆ ಬಟ್ಟೆ ಅಳತೆ ಮೈಗೆ ಆಗಲ್ಲ."

ಎರಡು ಊರಿನ ಚುಕ್ಕಿಗಳ ನಡುವೆ ನೂಲನ್ನು ಬಿಗಿಯಾಗಿ ಎಳೆದು ಟೇಪಿನ ಮೇಲಿಟ್ಟಳು. ಇಪ್ಪತ್ತು ಸೆಂಟಿಮೀಟರ್. ಭೂಗೋಳದ ಸೊಂಟಕ್ಕೆ ಟೇಪು ಸುತ್ತಿದಳು. ತೊಂಬತ್ತನಾಲ್ಕು. ಭೂಮಿಯ ನಿಜವಾದ ಸುತ್ತಳತೆ ನಲವತ್ತು ಸಾವಿರ ಕಿಲೋಮೀಟರ್ ಎಂದು ಮಗಳ ಪುಸ್ತಕ ಹೇಳಿತು. ಮಗಳು ಪೆನ್ಸಿಲು ಕಚ್ಚಿ ಗುಣಿಸಿ ಭಾಗಿಸಿದಳು. "ಹೆಚ್ಚುಕಡಿಮೆ ಎಂಟೂವರೆ ಸಾವಿರ ಕಿಲೋಮೀಟರ್ ಅಮ್ಮ."

"ವಿಮಾನ ಗಂಟೆಗೆ ಎಷ್ಟು ಹೋಗುತ್ತೆ?"

"ಎಂಟುನೂರೈವತ್ತು ಅಂತ ಟೀಚರ್ ಹೇಳಿದ್ರು. ಅಂದ್ರೆ ಹತ್ತು ಗಂಟೆ ಆಯ್ತಲ್ಲ." ಮಗಳು ತಲೆ ಎತ್ತಿದಳು. "ಅಜ್ಜಿ ಹದಿನಾಲ್ಕು ಅಂತ ಬರೆದಿದಾರೆ."

"ಹೋಗೋಕೆ ಆರು ಅಂತಾನೂ ಬರೆದಿದಾರೆ."

ಮಗಳು ಎರಡೂ ಅಂಕಿಗಳನ್ನು ಪಕ್ಕಪಕ್ಕ ಬರೆದು ನೋಡಿ ಕಿರುಚಿದ ಹಾಗೆ ಹೇಳಿದಳು. "ಆರು, ಹದಿನಾಲ್ಕು ಸೇರಿದ್ರೆ ಇಪ್ಪತ್ತು! ಅದರಲ್ಲಿ ಅರ್ಧ ಹತ್ತು! ಅಮ್ಮ, ಚೀಟೀಲಿ ಹೊರಡೋ ಹೊತ್ತು ಹೊರಡೋ ಊರಿನ ಗಡಿಯಾರದ್ದು. ಇಳಿಯೋ ಹೊತ್ತು ಇಳಿಯೋ ಊರಿಂದು. ಆ ಊರು ನಮಗಿಂತ ನಾಲ್ಕು ಗಂಟೆ ಹಿಂದೆ. ಅಜ್ಜಿ ಎರಡನ್ನೂ ಒಂದೇ ಗಡಿಯಾರ ಅಂದ್ಕೊಂಡಿದಾರೆ. ಅದಕ್ಕೇ ಹೋಗೋವಾಗ ನಾಲ್ಕು ಕಮ್ಮಿ ಆಯ್ತು, ಬರೋವಾಗ ನಾಲ್ಕು ಜಾಸ್ತಿ ಆಯ್ತು. ಅಲ್ಲಿ ರಾತ್ರಿ ಒಂದು ಅಂದ್ರೆ ಇಲ್ಲಿ ಬೆಳಿಗ್ಗೆ ಐದು. ಐದಕ್ಕೆ ಹತ್ತು ಕೂಡಿಸಿ..."

"ಮೂರು," ಎಂದಳು ತೇಪೆಯಮ್ಮ. "ಅಜ್ಜಿಗೆ ಹೇಳ್ಬೇಡ. ಇನ್ನೂ ಹೇಳ್ಬೇಡ."

ಗಾಳಿಗೆ ಇಷ್ಟು ವರ್ಷ ಸುಮ್ಮನೆ ಕೆಟ್ಟ ಹೆಸರು. ಎದುರುಗಾಳಿಯ ಮಾತಿಗೆ ಅವನು ಅಂದಿದ್ದ ಆ ಒಂದು "ಹೂಂ" ಈಗ ಅವಳ ಕಿವಿಯಲ್ಲಿ ಬೇರೆ ಥರ ಕೇಳಿಸಿತು.

ಗುರುವಾರ ವಿಶ್ರಾಂತಿ ಕೋಣೆಯ ಕಂಬಳಿಗಳ ಕಟ್ಟು ರಿಪೇರಿ ಮೇಜಿಗೆ ಬಂತು. ಎಲ್ಲ ಅವಳದೇ ಹಳೆಯ ತೇಪೆಗಳು, ಹಳೆ ನಂಟರ ಹಾಗೆ. ಒಂದನ್ನು ಕೊಡವಿದಾಗ ಮಡಿಕೆಯಿಂದ ಏನೋ ಟಣ್ಣೆಂದು ಮೇಜಿನ ಮೇಲೆ ಬಿದ್ದು ಉರುಳಿತು. ಬಿಳಿ ಗುಂಡಿ. ನಾಲ್ಕು ತೂತಿನಲ್ಲಿ ಹಸಿರು ದಾರ.

ಅವಳು ಗುಂಡಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಶುಕ್ರವಾರ ಮತ್ತೆ ಎದುರುಮನೆಯಾಕೆಯನ್ನು ಬೇಡಿದಳು. "ಇವತ್ತೊಂದು ದಿನ." ನಾಲ್ಕೂಕಾಲಿಗೆ ತೇಪೆ ಹಾಕಿದ ಕಂಬಳಿಗಳನ್ನು ಎದೆಗಾನಿಸಿಕೊಂಡು ತಾನೇ ವಿಶ್ರಾಂತಿ ಕೋಣೆಗೆ ನಡೆದಳು. ಲಾಂಡ್ರಿಯಿಂದ ಇನ್ನೂರು ಹೆಜ್ಜೆ. ಇಷ್ಟು ಹತ್ತಿರ! ಬಾಗಿಲ ಹಿಂದೆ ಯಾರ ನಗು ಕೇಳಬಹುದೆಂದು ಅವಳ ಕಿವಿ ಆಗಲೇ ಸಿದ್ಧವಾಗಿತ್ತು.

ಕೇಳಿದ್ದು ಗೊರಕೆ.

"ಮೆಲ್ಲಗೆ ಬಾಮ್ಮ," ಎಂದ ಕೋಣೆ ನೋಡಿಕೊಳ್ಳುವ ಮುದುಕ. "ನಮ್ಮ ಕುಂಭಕರ್ಣ ಮಲಗಿದಾನೆ."

ಕಿಟಕಿಯ ಪರದೆ ಎಳೆದಿತ್ತು. ಉದ್ದಕ್ಕೆ ಚಾಚಿದ ಒರಗು ಕುರ್ಚಿಯಲ್ಲಿ ಗಂಡ, ಬಾಯಿ ಅರೆತೆರೆದು, ಎಡಗೆನ್ನೆಯನ್ನು ಕಂಬಳಿಯ ಅಂಚಿಗೆ ಒತ್ತಿ ಮಲಗಿದ್ದ. ಕಂಬಳಿಯ ಮೇಲೆ ಮೂರು ತೇಪೆ. ಮೂರೂ ಅವಳವೇ. ಹೆಂಗಸಿರಲಿ, ಕೋಣೆಯಲ್ಲಿ ಒಂದು ನೊಣವೂ ಇರಲಿಲ್ಲ. ಬೂಟುಗಳನ್ನು ಗೋಡೆಗೆ ಹೊಂದಿಸಿ ಇಟ್ಟಿತ್ತು. ಕಾಲುಚೀಲ ಮಡಚಿ ಬೂಟಿನೊಳಗಿತ್ತು. ಪಕ್ಕದ ಮೇಜಿನ ಮೇಲೆ ಒಂದು ಲೋಟ, ತೊಳೆದು ಬೋರಲು ಹಾಕಿದ್ದು. ಅಂಚಿನಲ್ಲಿ ಇನ್ನೂ ಒಂದು ಹನಿ.

"ಲೋಟ ಯಾರು ತೊಳೆದಿದ್ದು?" ಎಂದು ಕೇಳಿದಳು.

"ಅವನೇ. ಇಲ್ಲಿ ಅವರವರ ಲೋಟ ಅವರವರೇ ತೊಳೀಬೇಕು. ಈತ ಬಲು ಶಿಸ್ತಿನ ಮನುಷ್ಯ. ಎದ್ದು ಕಂಬಳೀನೂ ಮಡಚಿಟ್ಟು ಹೋಗ್ತಾನೆ. ಮನೇಲಿ ಪುಣ್ಯ ಮಾಡಿದೋರು ಇರ್ಬೇಕು."

ಇನ್ನೊಬ್ಬಳನ್ನು ಕಂಡಿದ್ದರೆ ಕೂಗಾಡಬಹುದಿತ್ತು, ಅಳಬಹುದಿತ್ತು. ಆ ತೊಳೆದ ಲೋಟದೆದುರು ಏನು ಮಾಡಬೇಕೋ ಅವಳಿಗೆ ತಿಳಿಯಲಿಲ್ಲ. ಎಬ್ಬಿಸಲಿಲ್ಲ. ಬೋರಲು ಹಾಕಿದ ಲೋಟದ ತಳದ ಮೇಲೆ ಹಸಿರು ದಾರದ ಗುಂಡಿಯನ್ನಿಟ್ಟು ಬಸ್ಸು ಹಿಡಿದಳು.

ಮನೆಗೆ ಬಂದು ಅತ್ತೆಯನ್ನು ಎತ್ತಿ ಕೂರಿಸಿ, ಬೆನ್ನಿಗೆ ದಿಂಬು ಕೊಟ್ಟು, "ಅತ್ತೆ, ನಿಮ್ಮ ಲೆಕ್ಕದಲ್ಲಿ ಒಂದು ತಪ್ಪಿದೆ," ಎಂದಳು.

ಸೊಂಟ ಮುರಿದಾಗಲೂ ಅತ್ತೆಯ ಮುಖ ಅಷ್ಟು ಕಪ್ಪಿಟ್ಟಿರಲಿಲ್ಲ. "ನನ್ನ ಲೆಕ್ಕದಲ್ಲಾ? ಒಂದರಿಂದ ಮೂರಕ್ಕೆ ಹದಿನಾಲ್ಕು. ಎಲ್ಲಿ ತಪ್ಪು ತೋರಿಸು."

ಮಗಳು ಭೂಗೋಳ ತಂದಳು. ನೂಲು, ಟೇಪು, ಎರಡು ಊರಿನ ಎರಡು ಗಡಿಯಾರ, ಎಲ್ಲವನ್ನೂ ಇನ್ನೊಮ್ಮೆ ಹೇಳಿದಳು. ಅತ್ತೆ ಕನ್ನಡಕ ಹಾಕಿಕೊಂಡು ತಾವೇ ಎರಡು ಸಲ ಕೂಡಿಸಿ ಕಳೆದು ನೋಡಿದರು. ಮೂರನೆಯ ಸಲಕ್ಕೆ ಪೆನ್ಸಿಲು ಕೆಳಗಿಟ್ಟರು.

"ಹಾಗಾದ್ರೆ ಅವನು ಮೂರಕ್ಕೇ ಇಳೀತಾನೆ."

"ಹೌದು ಅತ್ತೆ. ನೋಡ್ಕೊಂಡೇ ಬಂದೆ. ಏಳರ ತನಕ ಅಲ್ಲೇ ಮಲಗಿರ್ತಾರೆ."

"ಪಾಪ, ದಣಿದಿರ್ತಾನೆ ಮಗು," ಎಂದರು ಅತ್ತೆ ಅಭ್ಯಾಸಬಲದಿಂದ. ಆಮೇಲೆ ಏನೋ ಹೊಳೆದು ಹುಬ್ಬು ಗಂಟಿಕ್ಕಿತು. "ಅಂದ್ರೆ ಲೆಕ್ಕ ತಪ್ಪು ಅಂತ ಅವನಿಗೆ ಗೊತ್ತಿತ್ತು?"

"ದಿನಾ ಆ ವಿಮಾನದಲ್ಲೇ ಇರೋರಿಗೆ ಗೊತ್ತಿರಲ್ವಾ?"

"ಗೊತ್ತಿದ್ದೂ ಆರು ವರ್ಷ ಈ ತಪ್ಪನ್ನ ನನ್ನ ಕೈಬರಹದಲ್ಲಿ ಗೋಡೆ ಮೇಲೆ ಬಿಟ್ಟಿದ್ನಾ? ಬಂದೋರು ಹೋದೋರು ಓದೋ ಹಾಗೆ?"

ಆ ಹೊತ್ತಿನಿಂದ ಅತ್ತೆ ಸೊಸೆಯ ಕಡೆಯಾದರು.

ಎಂಟೂ ಹತ್ತಕ್ಕೆ ಗಂಡ ಬಂದ. ಇಂದು 'ಅಬ್ಬಾ' ಎನ್ನಲಿಲ್ಲ. ಅವನ ಕೈ ಜೇಬಿನಲ್ಲಿತ್ತು, ಗುಂಡಿಯ ಮೇಲಿದ್ದಿರಬೇಕು.

"ಎಷ್ಟೊತ್ತಿಗೆ ಇಳಿದ್ಯೋ?" ಎಂದರು ತಾಯಿ.

ಅವನು ಗೋಡೆಯ ಕಡೆ ನೋಡಿದ. ಚೀಟಿ ಅಲ್ಲಿರಲಿಲ್ಲ. ತಾಯಿಯ ಮಡಿಲಲ್ಲಿತ್ತು.

"ನಾನು ಯಾವತ್ತಾದ್ರೂ ಏಳು ಅಂದಿದೀನಾ ಅಮ್ಮ? ಮೊದಲ ಸಲ ಇಳಿದಾಗ ತಡೀಲಾರದ ನಿದ್ದೆ. ಅಲ್ಲೇ ಕುರ್ಚೀಲಿ ಕಣ್ಣು ಮುಚ್ಚಿದೆ, ಏಳಾಗೋಗಿತ್ತು. ಮನೆಗೆ ಬಂದ್ರೆ ನೀನು 'ನೋಡು, ಸರಿಯಾಗಿ ಎಂಟು, ನನ್ನ ಲೆಕ್ಕ ಅಂದ್ರೆ ಲೆಕ್ಕ' ಅಂತ ಕುಣಿದಾಡಿಬಿಟ್ಟೆ. ನಿನ್ನ ಖುಷಿ ಯಾಕೆ ಕೆಡಿಸ್ಲಿ ಅಂತ ಸುಮ್ಮನಾದೆ."

"ನನ್ನ ಖುಷಿಗೋಸ್ಕರ ಆರು ವರ್ಷ ನಿದ್ದೆ ಮಾಡಿದೆಯಾ?"

ಮಗಳು ಭೂಗೋಳದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು. ಗಂಡ ಹೆಂಡತಿಯ ಕಡೆ ತಿರುಗಿದ. "ಹತ್ತು ಗಂಟೆ ನಿಂತೇ ಇರ್ತೀನಿ ಕಣೆ. ಮನುಷ್ಯನಿಗೆ ಸ್ವಲ್ಪ ವಿಶ್ರಾಂತಿ ಬೇಡ್ವಾ?"

"ಬೇಕು," ಎಂದಳು ತೇಪೆಯಮ್ಮ. "ನಿಮಗೊಂದು ಕೋಣೆ ಇದೆ. ಕುರ್ಚಿ ಇದೆ. ನಾನೇ ತೇಪೆ ಹಾಕಿದ ಕಂಬಳಿ ಇದೆ. ನನ್ನ ವಿಶ್ರಾಂತಿ ಕೋಣೆ ಎಲ್ಲಿದೆ, ಸ್ವಲ್ಪ ತೋರಿಸಿ. ಈಗಲೇ ಹೋಗಿ ಮಲಗ್ತೀನಿ."

ಅವನು ಅಭ್ಯಾಸದಿಂದ ಮತ್ತೆ ಖಾಲಿ ಗೋಡೆಯ ಕಡೆ ನೋಡಿದ.

"ನಾಳೆ ಮೇಸ್ತ್ರಿಗೆ ಹೂಂ ಅಂತೀನಿ. ಮಂಗಳವಾರ, ಶುಕ್ರವಾರ ನಾಲ್ಕೂವರೆ ತನಕ ಎದುರುಮನೆಯಾಕೆ ನೋಡ್ಕೋತಾರೆ, ಅಷ್ಟರಲ್ಲಿ ನೀವು ಮನೇಲಿರ್ಬೇಕು. ಒಂದು ಗಂಟೆ ಮಲಗಿ, ಇಲ್ಲೇ. ಐದೂವರೆಗೆ ಅತ್ತೇನ ಎತ್ತಬೇಕು."

"ನಂಗೆ ಎತ್ತೋಕೆ ಬರಲ್ಲ."

"ಇನ್ನೂರು ಜನರ ಪೆಟ್ಟಿಗೆ ತಲೆ ಮೇಲಿನ ಗೂಡಿಗೆ ಎತ್ತಿಡ್ತೀರಿ. ಅತ್ತೆ ಅದಕ್ಕಿಂತ ಹಗುರ. ಮೇಲಕ್ಕೆ ಇಡಬೇಕಾಗೂ ಇಲ್ಲ."

"ಹುಷಾರಾಗಿ ಎತ್ತು," ಎಂದರು ಅತ್ತೆ. "ನಾನು ಪೆಟ್ಟಿಗೆ ಅಲ್ಲ."

ಶನಿವಾರ ಬೆಳಿಗ್ಗೆ ಮೇಸ್ತ್ರಿಗೆ ಹೇಳಿದಳು. ಬೆನ್ನಿಗೆ ಆನಿಕೆಯಿರುವ ಕುರ್ಚಿ ಅವಳದಾಯಿತು. ಆದರೆ ಹದಿಮೂರು ವರ್ಷ ಸಂಸಾರ ಮಾಡಿದ ಹೆಂಗಸು ಒಂದು ಸಂಜೆಯ ಮಾತಿಗೆ ಮರುಳಾಗುವುದಿಲ್ಲ. ಸೋಮವಾರ ವಿಶ್ರಾಂತಿ ಕೋಣೆಯಿಂದ ಮೂರು ತೇಪೆಯ ಆ ಕಂಬಳಿಯನ್ನು ತರಿಸಿ, ಮಡಚಿ, ಮಡಿಕೆಯ ಒಳಬದಿಯಲ್ಲಿ ಯಾರಿಗೂ ಕಾಣದ ಹಾಗೆ ಹಸಿರು ದಾರದ ಒಂದು ಸಣ್ಣ ಹೊಲಿಗೆ ಹಾಕಿ, ಅದನ್ನು ಗಂಡ ಮಲಗುವ ಒರಗು ಕುರ್ಚಿಯ ಮೇಲೇ ಇಡಲು ಮುದುಕನಿಗೆ ಹೇಳಿ ಕಳಿಸಿದಳು. ಬಿಚ್ಚಿದರೆ ದಾರ ಕಡಿಯಲೇಬೇಕು.

ಮಂಗಳವಾರ ನಸುಕಿನ ಐದಕ್ಕೆ ಫೋನು ಬಂತು. ಅತ್ತೆಯೇ ತೆಗೆದುಕೊಂಡರು. "ಮೂರಕ್ಕೆ ಇಳೀತೀಯ. ನಾಲ್ಕೂವರೆಗೆ ಹಾಜರಿ ಬರೀತೀನಿ," ಎಂದು ಇಟ್ಟುಬಿಟ್ಟರು.

ಅಂದು ಮಧ್ಯಾಹ್ನ ನಾಲ್ಕೂಕಾಲಿಗೆ ಗಾಡಿ ಬಂದಾಗ ತೇಪೆಯಮ್ಮ ಗೋಡೆ ಗಡಿಯಾರ ನೋಡಿದಳು. ನಾಲ್ಕೂವರೆಗೆ ನೋಡಿದಳು. ಐದೂವರೆಗೆ ಒಂದು ಕಂಬಳಿಯನ್ನು ಬೆಳಕಿಗೆ ಹಿಡಿದು ಅದರಾಚೆ ಏನೂ ಕಾಣದೆ ನಿಂತಳು. "ಆ ಕೋಣೆ ಕಿಟಕಿ ಹತ್ರ ಹೋಗಿ ನೋಡ್ಕೊಂಡ್ ಬಾ ಬೇಕಾದ್ರೆ, ಇನ್ನೂರು ಹೆಜ್ಜೆ," ಎಂದು ಗುಂಡಿಯಕ್ಕ ಚುಚ್ಚಿದಳು. ಹೋಗಲಿಲ್ಲ. ಏಳೂವರೆಗೆ ಕೆಲಸ ಮುಗಿಸಿ ಬಸ್ಸು ಹತ್ತಿದಳು.

ಮನೆಯಲ್ಲಿ ಸೀದ ವಾಸನೆ ಬರುತ್ತಿತ್ತು. ಅತ್ತೆ ಸ್ವಲ್ಪ ಓರೆಯಾಗಿ, ಆದರೆ ಒಗೆದ ಹಾಸಿಗೆಯ ಮೇಲೆ ಕೂತಿದ್ದರು. ಗಂಡ ನೆಲದ ಮೇಲೆ ಗೋಡೆ ಒರಗಿ ಕೂತಿದ್ದ. ಕಣ್ಣು ನಿಜವಾಗಿ ಕೆಂಪಾಗಿದ್ದವು. ಗೋಡೆಯ ಮೇಲೆ ಹೊಸ ಕಾಗದ, ಗೆರೆ ಎಳೆದು ಕಾಲಂ ಮಾಡಿದ್ದು. ಮೊದಲ ಸಾಲಿನಲ್ಲಿ ದುಂಡಗಿನ ಅಕ್ಷರ: "ಮಂಗಳವಾರ. 4.50. ಇಪ್ಪತ್ತು ನಿಮಿಷ ತಡ."

ತೊಟ್ಟಿಯ ಪಕ್ಕದಲ್ಲಿ ಅವನ ಲೋಟ ಹಾಗೇ ಇತ್ತು. ತೇಪೆಯಮ್ಮ ಅದನ್ನು ನೋಡಿದಳು. ಅವಳು ನೋಡಿದ್ದನ್ನು ಅವನೂ ನೋಡಿದ.

"ಅಲ್ಲಿಯ ನಿಯಮಾನೇ ಇಲ್ಲೂ," ಎಂದಳು. ಅವನು ಮಂಡಿ ಹಿಡಿದುಕೊಂಡು ಎದ್ದ.

ಗುರುವಾರ ವಿಶ್ರಾಂತಿ ಕೋಣೆಯ ಕಟ್ಟು ಬಂತು. ಮೂರು ತೇಪೆಯ ಕಂಬಳಿಯನ್ನು ಹುಡುಕಿ ತೆಗೆದಳು. ಮಡಿಕೆ ಅವಳು ಮಡಚಿದ್ದ ಹಾಗೇ ಇತ್ತು. ಒಳಗೆ ಬೆರಳು ತೂರಿಸಿದಳು. ಹಸಿರು ದಾರ ಸಿಕ್ಕಿತು, ಬಿಗಿಯಾಗಿ.

ಗುಂಡಿಯಕ್ಕ ಕತ್ತರಿ ಮುಂದೆ ಮಾಡಿದಳು. "ಆಯ್ತಲ್ಲ, ಇನ್ನು ಬಿಚ್ಚು."

ತೇಪೆಯಮ್ಮ ಕತ್ತರಿ ತೆಗೆದುಕೊಳ್ಳಲಿಲ್ಲ. ಕಂಬಳಿಯನ್ನು ಮಡಚಿದ್ದ ಹಾಗೇ ಆ ಕುರ್ಚಿಗೆ ವಾಪಸು ಹೋಗಲೆಂದು ಬೇರೆ ಇಟ್ಟು, "ಶುಕ್ರವಾರ ಇನ್ನೂ ಬರಬೇಕಲ್ಲ ಅಕ್ಕ," ಎಂದು ಮುಂದಿನದನ್ನು ಬೆಳಕಿಗೆ ಹಿಡಿದಳು.